ಎಡಗೈಯ ನೀರು

ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಕಾಶಿಯ ಕೇದಾರ ಘಾಟಿನಲ್ಲಿ ನನ್ನಂತೆ ದೋಸೆ ಹುಯ್ಯುವವನು ಇನ್ನೊಬ್ಬ ಇರಲಿಲ್ಲ. ನನ್ನಂಥ ಕಿತಾಪತಿಯವನೂ ಇರಲಿಲ್ಲ. ಮೊದಲನೆಯದಕ್ಕೆ ಸಾಕ್ಷಿ ಹೇಳುವವರು ಈಗ ಯಾರೂ ಉಳಿದಿಲ್ಲ, ನೀವು ನಂಬಲೇಬೇಕು. ಎರಡನೆಯದಕ್ಕೆ ನನ್ನ ಬಲಗೈ ಮಣಿಕಟ್ಟೇ ಸಾಕ್ಷಿ. ಚಳಿಗಾಲದಲ್ಲಿ ಇವತ್ತಿಗೂ ಅದು ನನಗಿಂತ ಮೊದಲು ಏಳುತ್ತದೆ.

ಘಾಟಿನ ಮೆಟ್ಟಿಲು ಹತ್ತಿ ಗಲ್ಲಿಗೆ ತಿರುಗಿದರೆ ನಮ್ಮ ಮೆಸ್ಸು. ಕೆಳಗೆ ಅಡುಗೆಮನೆ ಮತ್ತು ಊಟದ ಹಜಾರ, ಮೇಲೆ ಅಂಗಳದ ಸುತ್ತ ಸಣ್ಣ ಸಣ್ಣ ಕೋಣೆಗಳು. ಆ ಕೋಣೆಗಳಲ್ಲಿ ಇದ್ದವರೆಲ್ಲ ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ನಮ್ಮ ಕಡೆಯಿಂದ ಬಂದ ಮುದುಕ ಮುದುಕಿಯರು. ಸಾಯಲು ಬಂದವರೆಂದು ಅಯ್ಯೋ ಪಾಪ ಅನ್ನಬೇಡಿ. ಇಡ್ಲಿ ಸ್ವಲ್ಪ ಗಟ್ಟಿಯಾದರೆ ಮೇಲಿನಿಂದಲೇ ನನ್ನ ವಂಶ ಜಾಲಾಡುವಷ್ಟು ಜೀವ ಎಲ್ಲರಲ್ಲೂ ಇತ್ತು.

ನನಗಾಗ ಮೂವತ್ತು ದಾಟಿತ್ತು. ಮದುವೆ ಇಲ್ಲ, ಊರಿನ ಗೊಡವೆ ಇಲ್ಲ. ಗೋದೌಲಿಯಾ ಚೌಕದ ಒಬ್ಬ ಸೈಕಲ್ ರಿಕ್ಷಾದವನಿಗೆ, ಕನ್ನಡದ ಯಾತ್ರಿಕರು ಬಂದರೆ ‘ಬನ್ನಿ ಮಾವ, ಮಗಳನ್ನ ಯಾವಾಗ ಕೊಡ್ತೀರಿ’ ಎಂದು ಕೇಳಬೇಕು, ನಮ್ಮಲ್ಲಿ ಅದು ಬಹಳ ಮರ್ಯಾದೆಯ ಮಾತು ಎಂದು ಕಲಿಸಿದ್ದೆ. ಪಾಪದ ಮನುಷ್ಯ ಎರಡೂ ಕೈ ಜೋಡಿಸಿ ಭಕ್ತಿಯಿಂದ ಕೇಳುತ್ತಿದ್ದ. ಎರಡು ದಿನ ರೈಲಿನಲ್ಲಿ ಕೂತು ಸೊಂಟ ಹಿಡಿದುಕೊಂಡು ಬಂದವರು ಬಿದ್ದು ಬಿದ್ದು ನಕ್ಕು ಅವನ ರಿಕ್ಷಾವನ್ನೇ ಹತ್ತುತ್ತಿದ್ದರು. ಹೀಗೆ ನನ್ನ ಕಿತಾಪತಿಯಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂಬ ಜಂಬ ನನಗೆ ಬಲವಾಗಿಯೇ ಇತ್ತು.

ನನ್ನ ಆಟ ನಡೆಯದೆ ಇದ್ದದ್ದು ಮೇಲಿನ ಮೂಲೆಕೋಣೆಯ ಅಜ್ಜಿಯ ಹತ್ತಿರ ಮಾತ್ರ. ಹಾವೇರಿ ಕಡೆಯವರು. ಗಂಡನ ಜೊತೆ ಕಾಶಿಗೆ ಬಂದರಂತೆ. ಗಂಡ ವರ್ಷದೊಳಗೆ ಹೋದರು, ಇವರು ಉಳಿದರು. ಮಕ್ಕಳಿಲ್ಲ. ಊರಿನಲ್ಲಿದ್ದ ಮೈದುನನ ಮಗನಿಗೆ ನನ್ನ ಕೈಯಲ್ಲೇ ಕಾರ್ಡು ಬರೆಸುತ್ತಿದ್ದರು, ಒಂದಕ್ಕೂ ಉತ್ತರ ಬರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಕಿವಿ ಮಾತ್ರ ಚುರುಕು, ಮೂಗು ಅದಕ್ಕಿಂತ ಚುರುಕು. ಒಮ್ಮೆ ನಾನು ಅವರ ಬಾಗಿಲಲ್ಲಿ ನಿಂತು ದೇವಸ್ಥಾನದ ಪೂಜಾರಿಯ ದನಿಯಲ್ಲಿ, ಇವತ್ತು ಏಕಾದಶಿ, ಉಪವಾಸ ಎಂದು ಗಂಭೀರವಾಗಿ ಹೇಳಿದೆ. ಅಜ್ಜಿ ಹತ್ತಿಬತ್ತಿ ಹೊಸೆಯುವುದನ್ನು ನಿಲ್ಲಿಸದೆ, “ಪೂಜಾರಿ ಬಾಯಾಗ ಉಳ್ಳಾಗಡ್ಡಿ ವಾಸನಿ ಯಾವಾಗಿಂದ ಬರ್ಲಿಕ್ಕೆ ಹತ್ತೇದೋ, ಮಂಗ್ಯಾ?” ಅಂದರು. ನಾನು ಹೊರಗೆ ಈರುಳ್ಳಿ ಕಚೋರಿ ತಿಂದು ಬಂದಿದ್ದೆ.

ಅವತ್ತಿನಿಂದ ಅವರಿಗೆ ನಾನು ಮಂಗ್ಯಾ. ನನಗೆ ಅವರು ಅಜ್ಜಿ.

ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ಕೂರಿಸಿಕೊಂಡರು. ನಗುತ್ತಿರಲಿಲ್ಲ.

“ಬೆಂಕಿ ಯಾರು ಕೊಟ್ರೂ ಹತ್ತತದ. ನೀರು ಹಂಗಲ್ಲ, ಕೈ ನೋಡ್ತದ. ಹತ್ತು ದಿನ ನನಗ ನೀರು ಬಿಡ್ತಿಯೇನು?”

ಹತ್ತೇಕೆ, ಹನ್ನೊಂದು ದಿನ ಬಿಡುತ್ತೇನೆ, ಆದರೆ ಮೊದಲು ನೀವು ಸಾಯಬೇಕಲ್ಲ ಅಜ್ಜಿ, ನನಗಂತೂ ನಂಬಿಕೆ ಇಲ್ಲ ಎಂದೆ. ಆಗ ನಕ್ಕರು. ನಕ್ಕು, ನನ್ನ ಬಲಗೈ ಹಿಡಿದು ಅಂಗೈಯ ಮೇಲೆ ಬೆರಳಿಟ್ಟು ತೋರಿಸಿದರು. ಬೆರಳ ತುದಿಯಿಂದ ಬಿಟ್ಟ ನೀರು ದೇವರಿಗೆ. ಕಿರುಬೆರಳ ಬುಡದಿಂದ ಬಿಟ್ಟದ್ದು ಋಷಿಗಳಿಗೆ. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಇಳಿದರೆ ಮಾತ್ರ ಹೋದವರಿಗೆ. ನನಗೆ ಇದು ಗೊತ್ತಿಲ್ಲದ್ದೇನಲ್ಲ, ನಮ್ಮಪ್ಪನಿಗೂ ಬಿಟ್ಟಿದ್ದೆ. ಆದರೂ ಅವರು ಹೇಳುವವರೆಗೂ ಕೈ ಕೊಟ್ಟು ಕೂತಿದ್ದೆ.

ಆ ವರ್ಷ ಮಳೆಗಾಲ ಮುಗಿದು ಗಂಗೆ ಇಳಿದಾಗ ಘಾಟಿನ ಮೆಟ್ಟಿಲ ಮೇಲೆಲ್ಲ ಮೊಳದಷ್ಟು ದಪ್ಪ ಕೆಸರು ಕೂತಿತ್ತು. ಅದರ ಮೇಲೆ ಹಿಮ್ಮುಖವಾಗಿ, ಎರಡೂ ಕೈಯಲ್ಲಿ ತುಂಬಿದ ಬಿಂದಿಗೆ ಹಿಡಿದು ನೀರಿನವರೆಗೆ ಇಳಿಯುತ್ತೇನೆ ಎಂದು ದೋಣಿಯವರ ಮುಂದೆ ಕೊಚ್ಚಿಕೊಂಡೆ. ಇಪ್ಪತ್ತೆರಡು ಮೆಟ್ಟಿಲು ಇಳಿದೆ, ಇದು ಸುಳ್ಳಲ್ಲ. ಇಪ್ಪತ್ತಮೂರನೆಯದಕ್ಕೆ ನೋಡುವವರ ಕಡೆ ಒಂದು ನಗೆ ಬೀರಲು ಹೋದೆ. ಬಿದ್ದಾಗ ಇಡೀ ಮೈಭಾರ ಬಲ ಅಂಗೈ ಮೇಲೆ ಬಂತು. ಒದ್ದೆ ಬಟ್ಟೆ ಹರಿದಂಥ ಸದ್ದು ನನ್ನೊಳಗಿನಿಂದಲೇ ಕೇಳಿಸಿತು.

ನಮ್ಮ ಮೆಸ್ಸಿಗೆ ಭಾನುವಾರ ದೋಸೆಗೆಂದು ಬರುತ್ತಿದ್ದ ಮೈಸೂರು ಕಡೆಯ ಡಾಕ್ಟರೊಬ್ಬರಿದ್ದರು, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೂಳೆ ವಿಭಾಗದವರು. ಅವರೇ ಕರೆದುಕೊಂಡು ಹೋಗಿ ಎಕ್ಸರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ. ನಾನು ಗೆದ್ದವನಂತೆ ಎದ್ದು ನಿಂತೆ.

“ಕೂತ್ಕೊಳ್ಳಿ. ಮುರಿದಿದ್ರೇ ವಾಸಿಯಿತ್ತು, ಬೇಗ ಕೂಡ್ಕೊಳ್ಳೋದು. ಇದು ಲಿಗಮೆಂಟು, ಮೂಳೆಗಳನ್ನ ಒಂದಕ್ಕೊಂದು ಕಟ್ಟಿರೋ ನಾರು. ಅದು ಹರಿದಿದೆ. ಇದಕ್ಕೆ ಬೇಕಾಗಿರೋದು ತಾಳ್ಮೆ, ನಿಮ್ಮಲ್ಲಿ ಇಲ್ಲದೇ ಇರೋದೂ ಅದೇ.”

ಒಂದೂವರೆ ತಿಂಗಳು ಪ್ಲಾಸ್ಟರು. ಬಿಚ್ಚಿದಾಗ ಒಳಗಿದ್ದದ್ದು ಯಾರದೋ ಕೈ. ಸಣಕಲು, ಬಿಳಿಚಿ ಹೊಟ್ಟೆದ್ದ ಚರ್ಮ, ಮಣಿಕಟ್ಟು ಅಲ್ಲಾಡಿಸಿದರೆ ತುಕ್ಕು ಹಿಡಿದ ಕೀಲಿನ ಹಾಗೆ. ಡಾಕ್ಟರು ಮೆಸ್ಸಿನ ಮೇಜಿನ ಮೇಲೆಯೇ ವ್ಯಾಯಾಮ ಹೇಳಿಕೊಟ್ಟರು. ಮೊದಲು ಬಿಸಿನೀರಿನಲ್ಲಿ ಕೈ ಇಳಿಬಿಡುವುದು. ಆಮೇಲೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಮಾತ್ರ ಅಂಚಿನಿಂದ ಹೊರಗೆ ಇಳಿಬಿದ್ದಿರಬೇಕು. ಅದನ್ನು ಮೆಲ್ಲಗೆ ಮೇಲಕ್ಕೆತ್ತಿ ಮೆಲ್ಲಗೆ ಇಳಿಸುವುದು, ಹಾಗೆಯೇ ಆ ಕಡೆ ಈ ಕಡೆ. ಹಿಡಿತ ಬರಲು ಚಪಾತಿ ಹಿಟ್ಟಿನ ಉಂಡೆ ಹಿಸುಕುವುದು. ಇವೆಲ್ಲ ನನಗೆ ಕಷ್ಟವಾಗಲಿಲ್ಲ. ಕೊನೆಯದೇ ಪೀಡೆ. ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಕೈಯಲ್ಲಿ ಒಂದು ಸೌಟು ಹಿಡಿದು, ಅಂಗೈ ಪೂರ್ತಿ ಆಕಾಶ ನೋಡುವ ಹಾಗೆ ತಿರುಗಿಸಬೇಕು, ಮತ್ತೆ ನೆಲ ನೋಡುವ ಹಾಗೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಳೆದ ಹಾಗೆ ನೋವಾದರೆ ಮುಂದುವರಿಸಿ, ಚುಚ್ಚಿದ ಹಾಗೆ ಆದರೆ ನಿಲ್ಲಿಸಿ ಎಂದರು. ನನಗೆ ಅರ್ಧ ದಾರಿಗೇ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿದೆ. ಒಲೆ ಹಚ್ಚಿರಲಿಲ್ಲ.

ಮಹಡಿಯ ಕಟಕಟೆಗೆ ಒರಗಿ ಅಜ್ಜಿ ಇದೆಲ್ಲ ಕೇಳಿಸಿಕೊಂಡಿದ್ದರು. ಸೌಟು ಯಾಕೆ, ಅಂಗೈಯಲ್ಲಿ ನೀರು ಹಿಡಿದು ತಿರುಗಿಸಲಿ, ಹೆಬ್ಬೆರಳ ಸಂದಿಯಿಂದ ಇಳಿಯಲಿ ಎಂದು ಮೇಲಿನಿಂದಲೇ ಡಾಕ್ಟರಿಗೆ ಔಷಧ ಬರೆದುಕೊಟ್ಟರು. ಡಾಕ್ಟರು ಒಂದು ಕ್ಷಣ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು, ಸರಿಯಾಗಿದೆ, ಇನ್ನೂ ಒಂದು ಗೆರೆ ಜಾಸ್ತಿಯೇ ತಿರುಗಬೇಕಾಗುತ್ತೆ, ನೀವೇ ಎಣಿಸಿ, ಈ ಮನುಷ್ಯನನ್ನು ನಂಬಬೇಡಿ ಎಂದು ನಗುತ್ತಾ ಹೋದರು.

ಹಾಗೆ ಶುರುವಾಯಿತು. ದಿನಾ ಮೂರು ಹೊತ್ತು ನಾನು ಅಜ್ಜಿಯ ಕೋಣೆಯಲ್ಲಿ ಮಣೆ ಹಾಕಿಕೊಂಡು ಕೂರಬೇಕು. ಮುಂದೆ ಅವರ ಹಿತ್ತಾಳೆ ಹರಿವಾಣ. ಎಡಗೈಯಲ್ಲಿ ಉದ್ಧರಣೆಯ ಪುಟ್ಟ ಚಮಚದಿಂದ ಬಲ ಅಂಗೈಗೆ ನೀರು ಹಾಕಿಕೊಳ್ಳುವುದು, ತಿರುಗಿಸುವುದು. ನೀರು ಹರಿವಾಣಕ್ಕೆ ಬಿದ್ದ ಸದ್ದಾದರೆ ಅಜ್ಜಿ “ಹೂಂ” ಎಂದು ತುಳಸಿಮಣಿ ಒಂದನ್ನು ಮುಂದೆ ಜರುಗಿಸುತ್ತಿದ್ದರು. ಹತ್ತೆಂಬ ಲೆಕ್ಕ ಅವರ ಜಪಮಾಲೆಗೆ ಒಗ್ಗಲಿಲ್ಲ. ಮಾಲೆಯಲ್ಲಿ ಇದ್ದಷ್ಟು ಮಣಿ, ಇಪ್ಪತ್ತೇಳು ಎಂದು ಅವರೇ ತೀರ್ಮಾನಿಸಿದರು. ಮೊದಲ ವಾರ ಹರಿವಾಣಕ್ಕೆ ಬಿದ್ದದ್ದಕ್ಕಿಂತ ನನ್ನ ಮೊಣಕೈ ಮೇಲೆ ಹರಿದದ್ದೇ ಹೆಚ್ಚು. ಸದ್ದಾಗದಿದ್ದರೆ ಹೂಂ ಇಲ್ಲ. ಒಮ್ಮೊಮ್ಮೆ ಒಂದೇ ಮಣಿ ಮೇಲೆ ಅವರ ಬೆರಳು ಬಹಳ ಹೊತ್ತು ಕಾಯುತ್ತಿತ್ತು. ಬೈಯುತ್ತಿರಲಿಲ್ಲ, ಕಾಯುತ್ತಿದ್ದರು. ಅದೇ ನನಗೆ ತಡೆಯಲಾಗದೆ ಹೋದದ್ದು.

ಎರಡನೆಯ ವಾರ ಒಂದು ಬೆಳಗ್ಗೆ ಮಣಿಕಟ್ಟು ಕೆಂಡದ ಹಾಗಿತ್ತು. ಒಂದು ಉಪಾಯ ಹೊಳೆದುಬಿಟ್ಟಿತು. ಉದ್ಧರಣೆಯನ್ನು ಬಲಗೈಗೆ ತೆಗೆದುಕೊಂಡೆ, ನೀರನ್ನು ಎಡ ಅಂಗೈಗೆ ಹಾಕಿದೆ, ತಿರುಗಿಸಿದೆ. ಹರಿವಾಣ ಗಂಟೆಯ ಹಾಗೆ ಸದ್ದು ಮಾಡಿತು.

“ಹೂಂ,” ಅಂದರು ಅಜ್ಜಿ. ಇನ್ನೊಂದು. “ಹೂಂ.” ಇಪ್ಪತ್ತೇಳೂ ಮುಗಿದಾಗ ಅವರ ಮುಖ ಬೆಳಗಿತ್ತು. “ಇವತ್ತ ಧಾರಿ ಹ್ಯಾಂಗ ಬಿತ್ತು ನೋಡು. ಎಳ್ಳು ಹಾಕಿದ್ರ ಎಳ್ಳೂ ಹೋಗ್ತದ.”

ನಾನು ಕೆಳಗೆ ಬಂದು ಒರಳಿನ ಮುಂದೆ ಕೂತಿದ್ದ ಜೊತೆಗಾರ ಅಡುಗೆಯವನಿಗೆ ಇದನ್ನು ಅಭಿನಯಿಸಿ ತೋರಿಸಿದೆ. ಅವನು ಬಾಯಿಗೆ ಅಂಗವಸ್ತ್ರ ತುರುಕಿಕೊಂಡು ನಕ್ಕ. ನನ್ನ ಜೀವಮಾನದ ಅತಿ ಸೊಗಸಾದ ಕಿತಾಪತಿ ಎಂದು ನಾನೇ ಬೆನ್ನು ತಟ್ಟಿಕೊಂಡೆ. ದೋಸೆಯನ್ನೂ ಎಡಗೈಯಲ್ಲೇ ಹುಯ್ಯಲು ಕಲಿತೆ. ದೋಸೆ ಮೊದಲಿಗಿಂತ ದುಂಡಗೆ ಬರುತ್ತಿತ್ತು, ಬೇಕಾದರೆ ಯಾರನ್ನಾದರೂ ಕೇಳಿ, ಅಂದರೆ ಕೇಳಲು ಯಾರಾದರೂ ಇದ್ದರೆ. ಬಲಗೈಗೆ ಕೆಲಸವೇ ಉಳಿಯಲಿಲ್ಲ. ನೋವೂ ಉಳಿಯಲಿಲ್ಲ. ಎರಡು ತಿಂಗಳು ಹೀಗೆ ಹೋಯಿತು. ಅಜ್ಜಿ ಎಣಿಸಿದರು, ನಾನು ಎಡಗೈಯಲ್ಲಿ ಸುರಿದೆ.

ನಡುವೆ ಡಾಕ್ಟರು ಎರಡು ಮೂರು ವಾರ ಊರಿಗೆ ಹೋಗಿದ್ದರು. ಬಂದವರೇ ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ತೀರ್ಥ ತೆಗೆದುಕೊಳ್ಳುವ ಹಾಗೆ ಕೈ ಒಡ್ಡಿ ಎಂದರು. ಅಂಗೈ ಅರ್ಧ ತಿರುಗಿ ನಿಂತಿತು. ಅವರು ಹಿಡಿದು ತಿರುಗಿಸಲು ನೋಡಿದರು, ಬಾಗಿಲಿಗೆ ಅಡ್ಡ ಕೋಲು ಕೊಟ್ಟ ಹಾಗೆ ಅದು ಅಲ್ಲೇ ನಿಂತಿತ್ತು. ದಿನಾ ಮಾಡುತ್ತಿದ್ದೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು. “ಮಾಡ್ತಾನ್ರೀ ಡಾಕ್ಟರ್ರ. ಒಂದು ಹೊತ್ತೂ ಬಿಟ್ಟಿಲ್ಲ. ನಾ ಎಣಸ್ತೀನಲ್ಲ.”

ನಾನು ತುಟಿಯ ಮೇಲೆ ಬೆರಳಿಟ್ಟು ಡಾಕ್ಟರಿಗೆ ಕಣ್ಣು ಹೊಡೆದೆ. ಅವರು ಮೇಲಕ್ಕೆ ನೋಡಿದರು, ನನ್ನನ್ನು ನೋಡಿದರು, ಕಾಫಿ ಕುಡಿದು ಮುಗಿಸಿದರು. ಹೋಗುವಾಗ ಬಾಗಿಲ ಹತ್ತಿರ ಕರೆದು ದನಿ ತಗ್ಗಿಸಿ, “ಇದು ಈಗ ನೋವಲ್ಲ, ಬಿಗಿ. ಇನ್ನೂ ಹೀಗೇ ಬಿಟ್ರೆ ಆಮೇಲೆ ನಾನು ಹೇಳಿದ್ರೂ ಅದು ಕೇಳಲ್ಲ. ನಿಮ್ಮ ಕೈ ನಿಮ್ಮಿಷ್ಟ. ಆದ್ರೆ ಆ ಮುದುಕೀನ ಯಾಕೆ?” ಎಂದರು. ನಾಳೆಯಿಂದಲೇ ಎಂದೆ. ಮೂರು ದಿನ ಬಲಗೈಯಲ್ಲಿ ಮಾಡಿದೆ. ನಾಲ್ಕನೆಯ ದಿನ ಅಜ್ಜಿ, “ಯಾಕೋ, ಧಾರಿ ಮತ್ತ ಕೆಟ್ಟಿತಲ್ಲ?” ಎಂದು ಕಳವಳಪಟ್ಟರು. ಅವರಿಗೆ ಬೇಜಾರಾಗಬಾರದೆಂದು ಎಡಗೈಗೆ ಹಿಂತಿರುಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳನ್ನು ನಾನು ಬೇರೆಯವರಿಗಿಂತ ನನಗೇ ಚೆನ್ನಾಗಿ ಹೇಳಬಲ್ಲೆ.

ಅವರು ಸಾಯುತ್ತಾರೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಒಂಬತ್ತು ವರ್ಷ ಕಾಶಿಯಲ್ಲಿ ಸಾವಿಗೆ ಕಾದವರು ಇನ್ನೂ ಒಂಬತ್ತು ವರ್ಷ ಕಾಯುತ್ತಾರೆ ಎಂದುಕೊಂಡಿದ್ದೆ.

ಮಾಘದ ಕೊನೆಯಲ್ಲಿ ಚಳಿ ಮತ್ತೊಮ್ಮೆ ತಿರುಗಿ ಬಂತು. ಅಜ್ಜಿಗೆ ಕೆಮ್ಮು, ಎದೆಯಲ್ಲಿ ಗೊರಗೊರ. ಮೊದಲ ದಿನ ಎಣಿಸಿದರು. ಎರಡನೆಯ ದಿನ ಮಲಗಿಕೊಂಡೇ ಎಣಿಸಿದರು, ಹೂಂ ಎನ್ನಲು ಉಸಿರು ಸಾಲದೆ ಮಣಿಯನ್ನಷ್ಟೇ ಜರುಗಿಸಿದರು. ಡಾಕ್ಟರು ಬಂದು ಎದೆ ನೋಡಿ ಆಸ್ಪತ್ರೆಗೆ ಹೋಗೋಣ ಎಂದರು. ಇಷ್ಟು ದೂರ ಬಂದು ಕೊನೆಗೆ ಆಸ್ಪತ್ರೆಯ ಮಂಚವೇ ಎಂದು ಅಜ್ಜಿ ಕೈ ಬೀಸಿದರು. ಮೂರನೆಯ ದಿನ ಪಕ್ಕದ ಕೋಣೆಯ ಮುದುಕಿಯರೆಲ್ಲ ಸುತ್ತ ಕೂತಿದ್ದರು. ಅವರಲ್ಲೊಬ್ಬರು, ಊರಿಗೆ ಮೈದುನನ ಮಗನಿಗೆ ತಂತಿ ಕೊಡಿಸೋಣವೇ ಎಂದು ಕೇಳಿದರು. ನಾನು ಗಂಜಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ಬ್ಯಾಡ,” ಅಂದರು ಅಜ್ಜಿ. “ನನಗ ನೀರಿನ ಚಿಂತಿ ಇಲ್ಲ. ಮಂಗ್ಯಾನ ಕೈ ತಯಾರಾಗೇದ. ನಾನ ಎಣಿಸೇನಿ.”

ಆಗ ಹೇಳಬಹುದಿತ್ತು. ತಂತಿ ಕೊಟ್ಟರೆ ಆ ಹುಡುಗ ಬರುತ್ತಿದ್ದನೋ ಇಲ್ಲವೋ, ನಮ್ಮಲ್ಲೇ ಬೇರೆ ಯಾರನ್ನಾದರೂ ಒಪ್ಪಿಸಬಹುದಿತ್ತು, ಸಮಯವಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು. “ಹಾಗಾದ್ರೆ ಪರೀಕ್ಷೆ ನೋಡೋಕೆ ನೀವೂ ಬರ್ತೀರಲ್ಲ ಅಜ್ಜಿ?”

ಅಜ್ಜಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, “ಬರ್ತೀನಿ. ಎಣಸ್ಲಿಕ್ಕೆ ಬರ್ತೀನಿ,” ಅಂದರು.

ಮಾರನೆಯ ಬೆಳಗ್ಗೆ, ಕೆಳಗೆ ನಾನು ಹಿಟ್ಟು ಕಲಸುತ್ತಿದ್ದಾಗ, ಮುದುಕಿಯರ ರಾಮನಾಮ ಜೋರಾಯಿತು.

ಮಣಿಕರ್ಣಿಕೆಗೆ ನಾಲ್ಕು ಜನ ಹೊತ್ತೆವು. ಅವರು ಏನೂ ತೂಗುತ್ತಿರಲಿಲ್ಲ. ಬೆಂಕಿ ಕೊಟ್ಟೆ, ಹತ್ತಿತು, ಅವರು ಹೇಳಿದಂತೆಯೇ. ಕೊನೆಗೆ ಮಣ್ಣಿನ ಗಡಿಗೆಯನ್ನು ಭುಜದ ಮೇಲಿನಿಂದ ಹಿಂದಕ್ಕೆ ಎಸೆದು ತಿರುಗಿ ನೋಡದೆ ನಡೆಯಬೇಕು. ಎಡಗೈಯಲ್ಲಿ ಎಸೆದೆ. ಅಲ್ಲಿಯವರೆಗೂ ಯಾರಿಗೂ ಏನೂ ತಿಳಿಯಲಿಲ್ಲ.

ಮೊದಲ ದಿನದ ನೀರು ಕೇದಾರ ಘಾಟಿನ ಕೆಳಗಿನ ಮೆಟ್ಟಿಲಲ್ಲಿ. ನಮ್ಮ ಕಡೆಯವರ ಅಪರಕರ್ಮ ಮಾಡಿಸುವ ಪುರೋಹಿತರು ಎರಡು ತಲೆಮಾರಿನಿಂದ ಅಲ್ಲೇ ಇದ್ದವರು. ಮಂತ್ರ ನಮ್ಮದು, ಮನೆಮಾತು ಅರ್ಧ ಹಿಂದಿ. ಜನಿವಾರ ಬಲಕ್ಕೆ ಮಾಡಿಕೊಂಡು, ದರ್ಭೆ ಸುತ್ತಿ, ಎಳ್ಳು ಹಾಕಿದ ಅಂಗೈಗೆ ನೀರು ಬಿಟ್ಟುಕೊಂಡೆ. ತಿರುಗಿಸಿದೆ. ನೀರು ಕಿರುಬೆರಳ ಬುಡದಿಂದ ಜಾರಿ ಗಂಗೆಗೆ ಬಿತ್ತು. ಎಳ್ಳು ಅಂಗೈಗೇ ಅಂಟಿಕೊಂಡಿತ್ತು.

“ಥೋಡಾ, ಇನ್ನೂ ಸ್ವಲ್ಪ ತಿರುಗಿಸಿ,” ಅಂದರು ಪುರೋಹಿತರು.

ಮತ್ತೆ ಹಾಕಿಕೊಂಡೆ. ಮತ್ತೆ ಅಲ್ಲಿಂದಲೇ ಹೋಯಿತು. ಭುಜ ಬಾಗಿಸಿದೆ, ಇಡೀ ಮೈಯನ್ನೇ ವಾಲಿಸಿದೆ. ಪಕ್ಕದ ಮೆಟ್ಟಿಲಲ್ಲಿ ಸ್ನಾನ ಮಾಡುತ್ತಿದ್ದವನೊಬ್ಬ ಇದೇನು ಕುಣಿತ ಎಂದು ನೋಡಿ ನಕ್ಕ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕದ್ದು ಹೇಳುತ್ತಿದ್ದೆ. ನನ್ನ ಎಡಗೈ ಪಕ್ಕದಲ್ಲಿ ಸಿದ್ಧವಾಗಿಯೇ ಇತ್ತು, ಇಪ್ಪತ್ತೇಳರ ಲೆಕ್ಕದಲ್ಲಿ ಎರಡು ತಿಂಗಳು ಕಲಿತು ಪಳಗಿದ ಕೈ. ಅದರಿಂದ ಈ ನೀರು ಬಿಡುವ ಹಾಗಿಲ್ಲ.

ಪುರೋಹಿತರು ಒಳ್ಳೆಯವರು. ಭಾವ ಮುಖ್ಯ ಭಯ್ಯಾ, ಹೋಗಲಿ ಬಿಡಿ, ಬೇಕಾದರೆ ಬೇರೆಯವರ ಕೈಯಲ್ಲಿ ಬಿಡಿಸೋಣ ಎಂದರು. ಆಗುವುದಿಲ್ಲ, ನನ್ನ ಕೈಯೇ ಆಗಬೇಕು ಎಂದೆ. ಆಗ ಅವರೇ ನೀರಿಗಿಳಿದು ನನ್ನ ಮಣಿಕಟ್ಟನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒತ್ತಿ ತಿರುಗಿಸಿದರು. ಕಣ್ಣು ಕತ್ತಲೆ ಬಂತು. ಮೂರು ನಾಲ್ಕು ಹನಿ ಹೆಬ್ಬೆರಳ ಸಂದಿಯಿಂದ ಇಳಿಯಿತು, ಉಳಿದದ್ದು ಕಿರುಬೆರಳ ಬುಡದಿಂದ, ಋಷಿಗಳ ದಾರಿಯಲ್ಲಿ. ದಿನ ಕಳೆದಂತೆ ನೀರು ಬಿಡುವ ಲೆಕ್ಕ ಏರುತ್ತಾ ಹೋಗುತ್ತದೆ. ಹತ್ತೂ ದಿನ ಹೀಗೆಯೇ ಆಯಿತು. ಋಷಿಗಳಿಗೆ ಯಾವ ಬಾಯಾರಿಕೆ? ಅಜ್ಜಿಯ ಪಾಲಿನದೆಲ್ಲ ಅವರೇ ಕುಡಿದರು. ಆ ಹತ್ತು ದಿನದ ಅನ್ನ ನೀರಿನಿಂದಲೇ ಹೋದವರಿಗೆ ಮುಂದಿನ ದಾರಿ ನಡೆಯುವ ಮೈ ಬರುತ್ತದೆಂದು ಹೇಳುತ್ತಾರೆ. ನಾನು ಅಷ್ಟೇನೂ ನಂಬುವವನಲ್ಲ. ಆದರೆ ಅವರು ನಂಬಿದ್ದರು, ಮೂರು ಹೊತ್ತು ಎಣಿಸಿದ್ದರು.

ಹನ್ನೊಂದನೆಯ ದಿನ ಡಾಕ್ಟರ ಹತ್ತಿರ ನಾನೇ ನಡೆದು ಹೋದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪೂರ್ತಿ ಬರುತ್ತದೆ ಎಂದು ಹೇಳಲಾರೆ, ಮಾಡಿ ನೋಡಿ ಎಂದರು. ಅಜ್ಜಿಯ ಕೋಣೆಗೆ ಬಳ್ಳಾರಿ ಕಡೆಯ ಮುದುಕರೊಬ್ಬರು ಬಂದಿದ್ದರು. ಜಪಮಾಲೆ ಅಜ್ಜಿಯ ಜೊತೆಗೇ ಹೋಗಿತ್ತು. ಹರಿವಾಣ ಮಾತ್ರ ಉಳಿದಿತ್ತು, ಅದನ್ನು ನಾನು ಕೇಳಿ ತೆಗೆದುಕೊಂಡೆ. ಅಡುಗೆಮನೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ ಕೂತು, ಬಿಸಿನೀರಿನಲ್ಲಿ ಕೈ ನೆನೆಸಿ, ಒಂದೊಂದೇ ಸಲ ತಿರುಗಿಸುತ್ತಿದ್ದೆ. ಎಣಿಸುವವರಿಲ್ಲ. ನಾನೇ ಎಣಿಸಿಕೊಂಡರೆ ಹದಿನಾಲ್ಕು ಹದಿನೈದಕ್ಕೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಜೊತೆಗಾರ ಅಡುಗೆಯವನು ನೋಡಿ ಆ ಕಡೆ ಹೋಗುತ್ತಿದ್ದ. ಬೇಸಿಗೆ ಹೋಯಿತು. ಮಾವಿನಹಣ್ಣಿನ ಗಾಡಿಗಳು ಬಂದು ಹೋದವು. ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ನೀರು ಹೆಬ್ಬೆರಳ ಬುಡದಿಂದ ತಾನಾಗಿ ಇಳಿದು ಹರಿವಾಣದಲ್ಲಿ ಸದ್ದು ಮಾಡಿತು. ನಾನು ಮೇಲೆ ಕಟಕಟೆಯ ಕಡೆ ನೋಡಿದೆ. ಬಳ್ಳಾರಿಯ ಮುದುಕರು ಹಲ್ಲುಜ್ಜುತ್ತಿದ್ದರು.

ಮಹಾಲಯದ ಹೊತ್ತಿಗೆ ಗಂಗೆ ಇನ್ನೂ ಮೇಲಿನ ಮೆಟ್ಟಿಲವರೆಗೂ ಇದ್ದಳು. ಅದೇ ಪುರೋಹಿತರು. ಅಪ್ಪನಿಗೆ, ಅಜ್ಜನಿಗೆ ಬಿಟ್ಟು ಮುಗಿಸಿ, ಮೂಲೆಕೋಣೆಯ ಅಜ್ಜಿಯ ಹೆಸರು ಗೋತ್ರ ಹೇಳಿದೆ. ಅಂಗೈಯಲ್ಲಿ ನೀರು, ಎಳ್ಳು. ತಿರುಗಿಸಿದೆ. ನೋವು ಎಳೆದ ಹಾಗಿತ್ತು, ಚುಚ್ಚಿದ ಹಾಗಿರಲಿಲ್ಲ. ನೀರು ಇಳಿಯಿತು, ಎಳ್ಳೂ ಹೋಯಿತು.

ಪುರೋಹಿತರು ಸರಿ ಎಂಬಂತೆ ತಲೆಯಾಡಿಸಿ ಮುಂದಿನ ಮಂತ್ರಕ್ಕೆ ಹೋದರು. ನಾನು ಹೋಗಲಿಲ್ಲ.

“ಅಜ್ಜಿ, ನೀವು ಎಣಿಸಿದ್ದು ಎಡಗೈ,” ಅಂದೆ. “ಎರಡು ತಿಂಗಳೂ ಎಡಗೈ.”

ಪುರೋಹಿತರು ನಿಲ್ಲಿಸಿ, ಮಂತ್ರ ತಪ್ಪಿದಿರಾ, ಮತ್ತೆ ಹೇಳಿ ಎಂದರು. ಅದೇ ಮಾತನ್ನು ಮತ್ತೆ ಹೇಳಿದೆ. ಅವರು ನನ್ನ ಮುಖ ನೋಡಿ, ಪಂಚಾಂಗ ಮಡಚಿ ಪಕ್ಕಕ್ಕಿಟ್ಟರು. ನಾನು ಕಿವಿಗೊಟ್ಟು ನಿಂತೆ. ಗಂಗೆಯಲ್ಲಿ ನೀರು ಬಿಟ್ಟರೆ ಹರಿವಾಣದಲ್ಲಿ ಬಿದ್ದ ಹಾಗೆ ಸದ್ದಾಗುವುದಿಲ್ಲ. ಅಜ್ಜಿಗೆ ಕೇಳಿಸಿತೋ ಇಲ್ಲವೋ ತಿಳಿಯಲು ನನಗೆ ದಾರಿ ಇರಲಿಲ್ಲ.

ಇನ್ನೊಮ್ಮೆ ಅಂಗೈಗೆ ನೀರು ಹಾಕಿಕೊಂಡೆ. ಇಪ್ಪತ್ತೇಳು ಆಗುವವರೆಗೂ ಬಿಟ್ಟೆ.